ಎಷ್ಟು ಇಟ್ಟುಕೊಂಡರೆ ಸಾಕು? ಸೇನೆಯ ಉಗ್ರಾಣದಿಂದ ಸಂಖ್ಯಾಶಾಸ್ತ್ರದ ತರಗತಿಗೆ ಬಂದ ಒಬ್ಬರ ಪ್ರಕರಣ

ಈ ಪ್ರಕರಣದ ಮುಖ್ಯ ದಾಖಲೆ ಕೆಂಪು ರಟ್ಟಿನ ಒಂದು ಉದ್ದನೆಯ ಖಾತೆ ಪುಸ್ತಕ, ದಿನಸಿ ಮಳಿಗೆಯ ಗೋದಾಮು ನೋಡಿಕೊಳ್ಳುತ್ತಿದ್ದ ಮಾಜಿ ಸೈನಿಕರೊಬ್ಬರು ಬರೆದದ್ದು. ಅದರ ನಲವತ್ತೊಂದನೆಯ ಪುಟದ ಮೇಲ್ತುದಿಯಲ್ಲಿ ‘ಶಿಶು ಹಾಲಿನ ಪುಡಿ, 400 ಗ್ರಾಂ ಡಬ್ಬಿ’ ಎಂದು ದುಂಡಗೆ ಬರೆದಿದೆ. ಕೆಳಗೆ ನೂರು ಚೌಕಗಳು, ದಿನಕ್ಕೊಂದು. ಒಂದು ಡಬ್ಬಿ ಮಾರಾಟವಾದರೆ ಆ ದಿನದ ಚೌಕದಲ್ಲಿ ಒಂದು ಗೀಟು, ಎರಡಾದರೆ ಎರಡು, ಏನೂ ಹೋಗದಿದ್ದರೆ ಸೊನ್ನೆ. ಒಂದು ಚೌಕವನ್ನೂ ಖಾಲಿ ಬಿಟ್ಟಿಲ್ಲ. ಖಾಲಿ ಬಿಟ್ಟರೆ ಅಂದು ಮಾರಾಟವಾಗಲಿಲ್ಲವೋ, ಬರೆಯುವುದೇ ಮರೆತುಹೋಯಿತೋ ಮುಂದೆ ಯಾರಿಗೂ ತಿಳಿಯುವುದಿಲ್ಲ. ಕಪಾಟಿನಲ್ಲಿ ಡಬ್ಬಿಯೇ ಇಲ್ಲದ ದಿನಗಳನ್ನು ಅವರು ಪುಟದ ಅಂಚಿನಲ್ಲಿ ಬೇರೆಯಾಗಿ ಗುರುತು ಹಾಕಿ ನೂರರ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಮಾಲು ಇಲ್ಲದ ದಿನದ ಸೊನ್ನೆಯೂ ಗಿರಾಕಿ ಬಾರದ ದಿನದ ಸೊನ್ನೆಯೂ ಒಂದೇ ಅಲ್ಲ ಎನ್ನುವುದನ್ನು ನಾನು ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಕಲಿಸಲು ಹೆಣಗುತ್ತೇನೆ. ಇವರು ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಅದನ್ನು ಬರೆದಿಟ್ಟಿದ್ದರು.

ನಾನು ಬಳ್ಳಾರಿಯ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಇಲ್ಲಿ ಹೇಳುತ್ತಿರುವವರು 2022ರಿಂದ 2025ರವರೆಗೆ ನನ್ನ ವಿದ್ಯಾರ್ಥಿಯಾಗಿದ್ದರು, ವಯಸ್ಸಿನಲ್ಲಿ ನನಗಿಂತ ಐದು ವರ್ಷ ದೊಡ್ಡವರು. ಅವರ ಒಪ್ಪಿಗೆ ಪಡೆದು, ಹೆಸರನ್ನು ಬಿಟ್ಟು ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಎಲ್ಲರೂ ಅವರನ್ನು ‘ಮಿಲಿಟರಿ ಅಣ್ಣ’ ಎನ್ನುತ್ತಿದ್ದರು. ತರಗತಿಯ ಹುಡುಗರು ಮೊದಲ ವಾರ ‘ಅಂಕಲ್’ ಎಂದು ಕರೆದು, ಎರಡನೆಯ ವಾರದಿಂದ ‘ಅಣ್ಣ’ ಎನ್ನತೊಡಗಿದರು.

ಊರು ಕುರುಗೋಡು ಕಡೆಯ ಹಳ್ಳಿ. ಮನೆಗೆ ನಾಲ್ಕು ಎಕರೆ ಜಮೀನು, ಕಾಲುವೆಯ ಕೊನೆಯಲ್ಲಿದ್ದುದರಿಂದ ನೀರು ಬಂದ ವರ್ಷ ಭತ್ತ, ಬಾರದ ವರ್ಷ ಜೋಳ. ಪಿಯುಸಿ ವಿಜ್ಞಾನದಲ್ಲಿ ಪ್ರಥಮ ದರ್ಜೆ ಬಂದಿತ್ತು. ಬಿಎಸ್ಸಿಗೆ ಸೇರುವ ಆಸೆಯೂ ಇತ್ತು. ಆದರೆ ತಂದೆ ತೀರಿಕೊಂಡು ವರ್ಷವಾಗಿತ್ತು, ಇಬ್ಬರು ತಂಗಿಯರಿದ್ದರು. 2003ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸೇನೆಯ ಭರ್ತಿಗೆ ಓಡಿದರು, ಆಯ್ಕೆಯಾದರು. ಗಣಿತದ ಅಂಕಗಳು ಚೆನ್ನಾಗಿದ್ದುದರಿಂದ ಸಿಕ್ಕ ವಿಭಾಗ ಉಗ್ರಾಣದ್ದು. ಹದಿನೇಳು ವರ್ಷ ಅವರು ಕಾದದ್ದು ಮಾಲನ್ನು: ಟಯರು, ಬ್ಯಾಟರಿ, ಫ್ಯಾನ್ ಬೆಲ್ಟು, ಕಂಬಳಿ, ಸೀಮೆಎಣ್ಣೆ. ಬಂದದ್ದೆಷ್ಟು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು. ಹಿಮ ಬಿದ್ದು ದಾರಿ ಮುಚ್ಚುವ ಕಡೆ ನೇಮಕವಾದಾಗ ನಾಲ್ಕನೆಯ ಪ್ರಶ್ನೆಯೊಂದು ಸೇರಿಕೊಂಡಿತು. ದಾರಿ ತೆರೆಯುವವರೆಗೆ ಎಷ್ಟು ಇಟ್ಟುಕೊಂಡರೆ ಸಾಕು? ಹೆಚ್ಚು ತರಿಸಿದರೆ ಕೊಳೆಯುತ್ತದೆ, ಕಡಿಮೆ ತರಿಸಿದರೆ ಗಾಡಿ ನಿಲ್ಲುತ್ತದೆ. ಮೇಲಿನವರು ಕಳೆದ ವರ್ಷದ ಅಂಕಿಗೆ ಒಂದಿಷ್ಟು ಸೇರಿಸಿ ಬರೆಯಲು ಹೇಳುತ್ತಿದ್ದರು. ಆ ‘ಒಂದಿಷ್ಟು’ ಎಷ್ಟು ಎಂದು ಕೇಳಿದರೆ ಅನುಭವದಿಂದ ಗೊತ್ತಾಗುತ್ತದೆ ಎಂಬುದೇ ಉತ್ತರ. ಈ ಪ್ರಶ್ನೆಯನ್ನು ಅವರು ಟ್ರಂಕಿನಲ್ಲಿಟ್ಟುಕೊಂಡೇ ಊರಿಗೆ ಬಂದರು ಎಂದು ನನಗೆ ಅನ್ನಿಸುತ್ತದೆ.

ಬಂದದ್ದು 2020ರಲ್ಲಿ, ನಾಯಕ್ ಹುದ್ದೆಯಿಂದ, ಕೊರೊನಾದ ನಡುವೆ. ಹಣದ ಲೆಕ್ಕವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ನಿರ್ಧಾರಗಳೆಲ್ಲ ಅದರ ಮೇಲೆ ನಿಂತಿವೆ. ಜವಾನರಿಗೆ ಹದಿನೈದು ವರ್ಷ ಸೇವೆ ಮುಗಿದರೆ ಪಿಂಚಣಿ ಉಂಟು. ಅದರಲ್ಲಿ ಅರ್ಧದವರೆಗೆ ಮುಂಗಡವಾಗಿ ಇಡುಗಂಟು ಪಡೆಯಬಹುದು, ಹಾಗೆ ಪಡೆದರೆ ತಿಂಗಳ ಪಿಂಚಣಿ ಅಷ್ಟು ಕಡಿಮೆಯಾಗಿ, ಹದಿನೈದು ವರ್ಷಗಳ ನಂತರ ಮತ್ತೆ ಪೂರ್ತಿಯಾಗುತ್ತದೆ. ಇವರು ಅರ್ಧ ಪಡೆದು ಮನೆಗೆ ಆರ್‌ಸಿಸಿ ಹಾಕಿಸಿದರು, ಕಿರಿಯ ತಂಗಿಯ ಮದುವೆಯ ಸಾಲ ತೀರಿಸಿದರು. ಕೈಗೆ ಬರುತ್ತಿದ್ದದ್ದು ತಿಂಗಳಿಗೆ ಹದಿನೈದು ಸಾವಿರದ ಆಸುಪಾಸು. ಹೆಂಡತಿ, ಇಬ್ಬರು ಮಕ್ಕಳು, ಅವ್ವ.

ನೆಂಟರೆಲ್ಲ ಒಂದೇ ದಾರಿ ತೋರಿಸಿದರು: ಬ್ಯಾಂಕಿನ ಗಾರ್ಡ್, ಇಲ್ಲವೇ ತೋರಣಗಲ್ಲು ಕಡೆಯ ಕಾರ್ಖಾನೆಗಳ ಗೇಟು. ಸೇನೆಯಿಂದ ಬಂದವನೆಂದರೆ ಬಂದೂಕು ಹಿಡಿದವನು ಎಂಬುದು ನಮ್ಮವರ ಲೆಕ್ಕ. ಉಗ್ರಾಣ ನಡೆಸಿದವನು, ಸಾವಿರಾರು ವಸ್ತುಗಳ ಖಾತೆ ಇಟ್ಟವನು ಎಂದು ಯಾರೂ ನೋಡುವುದಿಲ್ಲ. ಗಾರ್ಡ್ ಕೆಲಸ ಕೀಳಲ್ಲ. ಆದರೆ ಹದಿನೇಳು ವರ್ಷ ಒಂದು ವಿದ್ಯೆ ಕಲಿತವನನ್ನು ಗೇಟಿನಲ್ಲಿ ನಿಲ್ಲಿಸುವುದು ನನಗೆ ನೋವಿನ ಸಂಗತಿ. ಅವರೂ ಮೊದಲು ಬಳ್ಳಾರಿಯ ಒಂದು ದೊಡ್ಡ ದಿನಸಿ ಮಳಿಗೆಯ ಬಾಗಿಲಲ್ಲೇ ನಿಂತರು, ನಾಲ್ಕು ತಿಂಗಳು. ಒಂದು ದಿನ ಮಾಲು ಇಳಿಸುವಾಗ ಬಿಲ್ಲಿಗೂ ಪೆಟ್ಟಿಗೆಗೂ ತಾಳೆಯಾಗಲಿಲ್ಲ. ಇವರು ಸುಮ್ಮನೆ ಎಣಿಸಿಕೊಟ್ಟರು. ಮರುದಿನದಿಂದ ಸಾಹುಕಾರರು ಅವರನ್ನು ಗೋದಾಮಿಗೆ ಹಾಕಿದರು. ಸಂಬಳ ಹದಿನಾರು ಸಾವಿರ.

ಗೋದಾಮಿನಲ್ಲಿ ಅದೇ ಹಳೆಯ ಪ್ರಶ್ನೆ ಕಾದಿತ್ತು. ಅಕ್ಕಿ, ಬೇಳೆ, ಎಣ್ಣೆಯಂಥ ಓಡುವ ಮಾಲಿನಲ್ಲಿ ಹೆಚ್ಚು ತೊಂದರೆಯಿಲ್ಲ, ಇಂದು ಉಳಿದರೆ ನಾಳೆ ಹೋಗುತ್ತದೆ. ಕಷ್ಟ ಇರುವುದು ನಿಧಾನವಾಗಿ ಹೋಗುವ ಮಾಲಿನಲ್ಲಿ. ಶಿಶು ಹಾಲಿನ ಪುಡಿ ಸರಾಸರಿ ದಿನಕ್ಕೊಂದು ಡಬ್ಬಿ ಹೋಗುತ್ತಿತ್ತು. ಡಿಸ್ಟ್ರಿಬ್ಯೂಟರ್ ಗಾಡಿ ಬುಧವಾರ ಮಾತ್ರ ಬರುತ್ತಿತ್ತು. ಹಾಗಾದರೆ ವಾರಕ್ಕೆ ಏಳು ಇದ್ದರೆ ಸಾಕು ಎಂದು ಸಾಹುಕಾರರ ಲೆಕ್ಕ, ಪ್ರತಿ ಬುಧವಾರ ಕಪಾಟನ್ನು ಏಳಕ್ಕೆ ತುಂಬಿಸುತ್ತಿದ್ದರು. ಆದರೂ ಎರಡು ಮೂರು ವಾರಕ್ಕೊಮ್ಮೆ ಸೋಮವಾರವೋ ಮಂಗಳವಾರವೋ ಕಪಾಟು ಬರಿದಾಗುತ್ತಿತ್ತು. 2021ರ ಚಳಿಗಾಲದ ಒಂದು ರಾತ್ರಿ, ಶಟರ್ ಅರ್ಧ ಎಳೆದ ಮೇಲೆ, ಹಸುಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡ ಹೆಣ್ಣುಮಗಳೊಬ್ಬಳು ಬಂದು ಡಬ್ಬಿ ಕೇಳಿದಳು. ಇರಲಿಲ್ಲ. ‘ಇನ್ನೆರಡು ಅಂಗಡಿಯಲ್ಲೂ ಇಲ್ಲ ಅಣ್ಣಾ’ ಎಂದು ಹೇಳಿ ಹಿಂತಿರುಗಿದಳು. ಇದನ್ನು ನನಗೆ ಹೇಳುವಾಗ ಅವರು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಮರುದಿನ ಕೆಂಪು ಪುಸ್ತಕದ ನಲವತ್ತೊಂದನೆಯ ಪುಟ ಆರಂಭವಾಯಿತು.

ಎಣಿಸಲು ಈ ಮಾಲನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವನ್ನೂ ಅವರು ಹೇಳಿದರು. ಶಾಂಪೂ, ಬಿಸ್ಕತ್ತಿಗೆ ಒಂದು ಕೊಂಡರೆ ಒಂದು ಉಚಿತ ಎಂಬ ಸ್ಕೀಮು ಬಂದೊಡನೆ ಮಾರಾಟ ಎದ್ದು ಬೀಳುತ್ತದೆ. ಶಿಶು ಹಾಲಿನ ಪುಡಿಗೆ ಅಂಥ ಆಮಿಷ ಒಡ್ಡುವುದನ್ನು 1992ರ ಕಾಯ್ದೆಯೇ ತಡೆದಿದೆ. ಹಾಗಾಗಿ ಗಿರಾಕಿಗೆ ಬೇಕಾದಾಗ ಮಾತ್ರ ಹೋಗುವ ಮಾಲು ಅದು. ಅಡ್ಡಿಯಿಲ್ಲದ ಅಳತೆ ಬೇಕಾದರೆ ಏನನ್ನು ಅಳೆಯಬೇಕು ಎಂಬ ವಿವೇಚನೆ ಇದು. ನನ್ನ ಮಟ್ಟಿಗೆ ಅವರು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಯಾದದ್ದು ಆ ದಿನವೇ.

ನೂರು ದಿನ ಮುಗಿದಾಗ ಪುಟದಲ್ಲಿ ಇದ್ದದ್ದು ಇಷ್ಟು: ಏನೂ ಹೋಗದ ದಿನಗಳು 40, ಒಂದು ಹೋದ ದಿನಗಳು 34, ಎರಡು ಹೋದದ್ದು 17, ಮೂರು ಹೋದದ್ದು 7, ನಾಲ್ಕು ಹೋದದ್ದು 2. ಒಟ್ಟು 97 ಡಬ್ಬಿ. ಸರಾಸರಿ ದಿನಕ್ಕೆ ಒಂದಕ್ಕೆ ತುಸು ಕಡಿಮೆ, ಸಾಹುಕಾರರ ಮಾತು ಸರಿಯೇ. ಆದರೆ ನೂರರಲ್ಲಿ ನಲವತ್ತು ದಿನ ಒಂದೂ ಹೋಗಿಲ್ಲ. ಈ ಹರಡುವಿಕೆಗೆ ಏನಾದರೂ ನಿಯಮ ಇದೆಯೇ ಎಂದು ಕೇಳಲು ಅವರು ಪರಿಚಿತರೊಬ್ಬರ ಮೂಲಕ ನನ್ನ ಬಳಿ ಬಂದರು. ನಾನು ಪಾಯ್ಸಾನ್ ವಿತರಣೆಯ ಹೆಸರು ಹೇಳಿದೆ. ಆಕಸ್ಮಿಕವಾಗಿ ನಡೆಯುವ ಒಂದು ಘಟನೆ, ಅದರ ಸರಾಸರಿ ಗೊತ್ತಿದ್ದರೆ, ಒಂದು ಅವಧಿಯಲ್ಲಿ ಎಷ್ಟು ಸಲ ನಡೆಯುವ ಸಂಭವ ಎಷ್ಟು ಎಂದು ಹೇಳುವ ಸೂತ್ರ ಅದು. ಅದನ್ನು ಅರ್ಥ ಮಾಡಿಕೊಳ್ಳಲು ಎಷ್ಟು ಓದಬೇಕು ಎಂದು ಕೇಳಿದರು. ಸರಿಯಾಗಿ ಓದಬೇಕೆಂದರೆ ಮೂರು ವರ್ಷ ಎಂದೆ. ಅಷ್ಟೊಂದು ನೇರವಾಗಿ ಹೇಳಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿತು. ಅವರು ಹೋಗಿ, ಎರಡು ವಾರದ ನಂತರ ಪ್ರವೇಶದ ಅರ್ಜಿಯ ಜೊತೆ ಬಂದರು.

ಆ ಎರಡು ವಾರ ಮನೆಯಲ್ಲಿ ನಡೆದದ್ದು ಸುಲಭದ ಮಾತಲ್ಲ. ಹದಿನೈದು ವರ್ಷ ಸೇವೆ ಮುಗಿಸಿದ ಸೈನಿಕರಿಗೆ ಸೇನೆ ಪದವಿಗೆ ಸಮಾನವೆಂದು ಒಂದು ಪ್ರಮಾಣಪತ್ರ ಕೊಡುತ್ತದೆ, ಗ್ರೂಪ್ ಸಿ ಹುದ್ದೆಗಳಿಗೆ ಅದು ನಡೆಯುತ್ತದೆ. ಅದು ಕೈಯಲ್ಲಿರುವಾಗ ಮತ್ತೆ ಪದವಿ ಏಕೆ ಎಂದು ಭಾವಮೈದುನನ ವಾದ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಖ್ಯಾಶಾಸ್ತ್ರವನ್ನೇ ಓದಿರಬೇಕು ಎನ್ನುವ ಹುದ್ದೆಗೆ ಆ ಪತ್ರ ಸಾಲದು, ಮತ್ತು ಇವರಿಗೆ ಬೇಕಾಗಿದ್ದದ್ದು ಪತ್ರವಲ್ಲ. ಕೊನೆಗೆ ದಾರಿ ಹುಡುಕಿದವರು ಹೆಂಡತಿ. ಅವರು ಹೊಲಿಗೆ ಬಲ್ಲವರು, ಬಳ್ಳಾರಿಯ ಜೀನ್ಸ್ ಘಟಕಗಳಿಂದ ತುಂಡು ಲೆಕ್ಕದಲ್ಲಿ ಮನೆಗೆ ಕೆಲಸ ತರಿಸಿಕೊಳ್ಳುತ್ತಿದ್ದರು. ‘ನೀವು ಅಂಗಡಿಯನ್ನು ಪೂರ್ತಿ ಬಿಡಬೇಡಿ, ಅರ್ಧ ಬಿಡಿ. ಉಳಿದರ್ಧ ನನ್ನ ಮೇಲೆ ಬಿಡಿ’ ಎಂದರಂತೆ. ಸಾಹುಕಾರರು ಸಂಜೆ ಐದೂವರೆಯಿಂದ ಒಂಬತ್ತೂವರೆ ಮತ್ತು ಭಾನುವಾರ ಪೂರ್ತಿ ಕೆಲಸಕ್ಕೆ ಒಪ್ಪಿದರು, ಸಂಬಳ ಒಂಬತ್ತು ಸಾವಿರ. ದೂರಶಿಕ್ಷಣದ ದಾರಿಯೂ ಇತ್ತು. ತರಗತಿಯಲ್ಲಿ ಕೂತು ಪ್ರಶ್ನೆ ಕೇಳದೆ ಈ ವಿಷಯ ತಲೆಗೆ ಹತ್ತುವುದಿಲ್ಲ ಎಂದು ನಾನು ಹೇಳಿದೆ, ಆ ಸಲಹೆಗೆ ಇಂದಿಗೂ ಬದ್ಧಳು.

ಪ್ರವೇಶದ ಕಡತದಲ್ಲಿ ಒಂದು ಕಾಗದವಿದೆ. ಓದು ನಡುವೆ ನಿಂತಿದ್ದರೆ ಛಾಪಾ ಕಾಗದದ ಮೇಲೆ ಕಾರಣ ಬರೆದು ಪ್ರಮಾಣ ಮಾಡಿಕೊಡಬೇಕು. ‘2003ರಿಂದ 2022ರವರೆಗೆ ಯಾವುದೇ ವ್ಯಾಸಂಗ ಮಾಡಿರುವುದಿಲ್ಲ’ ಎಂಬ ಸಿದ್ಧ ವಾಕ್ಯದ ಕೆಳಗೆ ಅವರು ಸಹಿ ಹಾಕಿದ್ದಾರೆ. ಕೆಂಪು ಪುಸ್ತಕವನ್ನು ನೋಡಿದ ಮೇಲೆ ಆ ವಾಕ್ಯ ನನ್ನನ್ನು ತುಂಬ ಕಾಡಿದೆ.

ಮೊದಲ ಸೆಮಿಸ್ಟರ್‌ನಲ್ಲಿ ಗಣಿತ ಫೇಲಾಗಿ ಉಳಿಯಿತು. ಸಂಖ್ಯಾಶಾಸ್ತ್ರದಲ್ಲಿ ಅಂತೂ ಇಂತೂ ಪಾಸಾದರು. ವಯಸ್ಸಾಯಿತು, ತಲೆಗೆ ಹತ್ತುವುದಿಲ್ಲ ಎಂದು ಸಿಬ್ಬಂದಿ ಕೊಠಡಿಯಲ್ಲಿ ಮಾತು ಬಂತು. ನಾನು ಅವರ ಉತ್ತರ ಪತ್ರಿಕೆಗಳನ್ನೂ ಮನೆಗೆಲಸದ ಹಾಳೆಗಳನ್ನೂ ಹರಡಿಕೊಂಡು ಕೂತೆ. ತಪ್ಪುಗಳು ಎಲ್ಲೆಂದರಲ್ಲಿ ಇರಲಿಲ್ಲ, ಮೂರೇ ಜಾಗದಲ್ಲಿದ್ದವು. ಘಾತಾಂಕ ಮತ್ತು ಲಾಗರಿತಮ್ ಮರೆತುಹೋಗಿದ್ದವು. ಸಂಕಲನದ ಸಿಗ್ಮಾ ಚಿಹ್ನೆಯನ್ನು ಕಂಡರೆ ಕೈ ನಿಲ್ಲುತ್ತಿತ್ತು. ಪ್ರಶ್ನೆಯ ಇಂಗ್ಲಿಷ್ ವಾಕ್ಯ ಎರಡು ಸಾಲು ದಾಟಿದರೆ ಏನು ಕೇಳಿದ್ದಾರೆ ಎಂಬುದು ತಪ್ಪುತ್ತಿತ್ತು. ಇದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಹತ್ತೊಂಬತ್ತು ವರ್ಷ ಉಪಯೋಗಿಸದ ಬೀಗಕ್ಕೆ ತುಕ್ಕು ಹಿಡಿದಿತ್ತು, ಅಷ್ಟೇ. ಎಣ್ಣೆ ಬಿಡಬೇಕಾದವರು ನಾವು. ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ, ಪ್ರಯೋಗಾಲಯದ ಹಿಂದಿನ ಬೆಂಚಿನಲ್ಲಿ, ಎರಡು ತಿಂಗಳು ಹತ್ತನೆಯ ತರಗತಿಯ ಬೀಜಗಣಿತದಿಂದ ಶುರು ಮಾಡಿದೆವು. ಸಿಗ್ಮಾವನ್ನು ‘ಪುಟದ ಕೆಳಗೆ ಹಾಕುವ ಒಟ್ಟು’ ಎಂದು ಹೇಳಿದಾಗ ಅವರ ಮುಖ ತಿಳಿಯಾಯಿತು. ಖಾತೆ ಬರೆದವರಿಗೆ ಒಟ್ಟು ಹಾಕುವುದು ಹೊಸತಲ್ಲ, ಚಿಹ್ನೆಯಷ್ಟೇ ಹೊಸತು. ಇಷ್ಟನ್ನು ಮೊದಲ ದಿನವೇ ಹೇಳದ ತಪ್ಪು ನನ್ನದು.

ಎರಡನೆಯ ಸೆಮಿಸ್ಟರ್‌ನಲ್ಲಿ ಪಾಯ್ಸಾನ್ ವಿತರಣೆ ಬಂತು. ಅದಕ್ಕೆ ಎಲ್ಲರೂ ಕೊಡುವ ಹಳೆಯ ಉದಾಹರಣೆಯೊಂದಿದೆ. ಬೋರ್ಟ್‌ಕೀವಿಚ್ ಎಂಬ ವಿದ್ವಾಂಸರು 1898ರ ತಮ್ಮ ಪುಸ್ತಕದಲ್ಲಿ ಪ್ರಷ್ಯಾದ ಸೇನೆಯಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ ಕೊಟ್ಟಿದ್ದಾರೆ. ಹತ್ತು ದಳಗಳು, ಇಪ್ಪತ್ತು ವರ್ಷ, ಅಂದರೆ 200 ದಾಖಲೆಗಳು, ಒಟ್ಟು 122 ಸಾವು. ಒಂದೂ ಸಾವಿಲ್ಲದ ದಾಖಲೆಗಳು 109, ಒಂದು ಸಾವಿನವು 65, ಎರಡರವು 22, ಮೂರರವು 3, ನಾಲ್ಕರದ್ದು 1. ಸೂತ್ರದ ಪ್ರಕಾರ ಬರಬೇಕಾದವು 108.7, 66.3, 20.2, 4.1, 0.6. ಹುಡುಗರು ಟಿಪ್ಪಣಿ ಬರೆದುಕೊಂಡರು. ಇವರು ಪೆನ್ನು ಕೆಳಗಿಟ್ಟು ಕೇಳಿದರು: ‘ಮೇಡಂ, ಸಾವಿಲ್ಲದ 109 ಸಲವೂ ಯಾರೋ ಒಬ್ಬರು ಸೊನ್ನೆ ಎಂದು ಬರೆದಿದ್ದಾರಲ್ಲವೇ?’ ಹೌದು, ಯಾರೋ ಒಬ್ಬ ಗುಮಾಸ್ತ ಬರೆದಿದ್ದಾನೆ. ಇಷ್ಟು ವರ್ಷ ಈ ಉದಾಹರಣೆ ಹೇಳಿದ ನನಗೆ ಆ ಗುಮಾಸ್ತ ಎಂದೂ ನೆನಪಾಗಿರಲಿಲ್ಲ.

ಅಂದು ಮಧ್ಯಾಹ್ನ ಅವರು ನಲವತ್ತೊಂದನೆಯ ಪುಟಕ್ಕೆ ಅದೇ ಸೂತ್ರ ಹಚ್ಚಿದರು. ಸರಾಸರಿ 0.97 ಎಂದಿಟ್ಟುಕೊಂಡರೆ ನೂರರಲ್ಲಿ 37.9 ದಿನ ಏನೂ ಹೋಗಬಾರದು (ಪುಟದಲ್ಲಿ 40), 36.8 ದಿನ ಒಂದು (ಪುಟದಲ್ಲಿ 34), 17.8 ದಿನ ಎರಡು (17), 5.8 ದಿನ ಮೂರು (7), ಉಳಿದ 1.7 ದಿನ ನಾಲ್ಕು ಅಥವಾ ಹೆಚ್ಚು (2). ಬಳ್ಳಾರಿಯ ಕಪಾಟೂ ಪ್ರಷ್ಯಾದ ಲಾಯವೂ ಒಂದೇ ನಿಯಮಕ್ಕೆ ನಡೆಯುತ್ತಿದ್ದವು. ಮುಂದಿನದು ವಾರದ ಲೆಕ್ಕ. ವಾರಕ್ಕೆ ಸರಾಸರಿ 6.8 ಡಬ್ಬಿ ಹೋಗುವಲ್ಲಿ ಏಳೇ ಇಟ್ಟುಕೊಂಡರೆ ನೂರು ವಾರಗಳಲ್ಲಿ 37 ವಾರ ಡಬ್ಬಿ ಸಾಲುವುದಿಲ್ಲ. ಹತ್ತು ಇಟ್ಟುಕೊಂಡರೆ 8 ವಾರ. ಹನ್ನೆರಡಾದರೆ 2 ವಾರ. ಹಿಮದ ದಾರಿಯಲ್ಲಿ ಕೇಳಿದ ‘ಒಂದಿಷ್ಟು’ ಎಂಬುದಕ್ಕೆ ಮೊದಲ ಬಾರಿ ಅಂಕಿ ಬಂದಿತ್ತು. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಕಥೆ ಅಲ್ಲಿಗೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮರುದಿನ ಅವರೇ ಆಕ್ಷೇಪ ತಂದರು: ‘ಎಲ್ಲಾ ದಿನವೂ ಒಂದೇ ಎಂದು ಸೂತ್ರ ತಿಳಿದುಕೊಂಡಿದೆ ಮೇಡಂ. ಅಂಗಡಿಯಲ್ಲಿ ಹಾಗಿಲ್ಲ. ಒಂದರಿಂದ ಹತ್ತನೆಯ ತಾರೀಖಿನವರೆಗೆ ಸಂಬಳದ ದಿನಗಳು.’ ಸೂತ್ರಕ್ಕಿಂತ ಸೊನ್ನೆಗಳೂ ಮೂರುಗಳೂ ತುಸು ಹೆಚ್ಚಿರುವುದನ್ನು ಅವರು ಬೆರಳಿಟ್ಟು ತೋರಿಸಿದರು. ಎರಡು ಬಗೆಯ ದಿನಗಳನ್ನು ಬೆರೆಸಿದರೆ ಆಗುವುದು ಹಾಗೆಯೇ. ಆದರೆ ಇಷ್ಟು ಚಿಕ್ಕ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು, ನೇರವಾಗಿ ಪರೀಕ್ಷಿಸಿ ಎಂದೆ. ದಿನಗಳನ್ನು ಬೇರ್ಪಡಿಸಿದರು. ಸಂಬಳದ 30 ದಿನಗಳಲ್ಲಿ 39 ಡಬ್ಬಿ, ಉಳಿದ 70 ದಿನಗಳಲ್ಲಿ 58. ವ್ಯತ್ಯಾಸವೇ ಇಲ್ಲದಿದ್ದರೆ ಸಂಬಳದ ದಿನಗಳಿಗೆ 29 ಬರಬೇಕಿತ್ತು. ಇಷ್ಟು ದೊಡ್ಡ ಅಂತರ ಬರಿಯ ಆಕಸ್ಮಿಕದಿಂದ ಬರುವ ಸಂಭವ ನೂರರಲ್ಲಿ ಮೂರರಷ್ಟು. ಅವರ ಊಹೆ ಗೆದ್ದಿತು. ಈಗ ಆ ಮಳಿಗೆಯಲ್ಲಿ ಸಂಬಳದ ವಾರಗಳಿಗೆ ಹದಿನಾಲ್ಕು, ಉಳಿದ ವಾರಗಳಿಗೆ ಹತ್ತು ಡಬ್ಬಿ ಇಡುತ್ತಾರೆ. ಎರಡರಲ್ಲೂ ಡಬ್ಬಿ ಸಾಲದೆ ಹೋಗುವುದು ನೂರರಲ್ಲಿ ಐದು ವಾರಕ್ಕಿಂತ ಕಡಿಮೆ. ಸಾಹುಕಾರರು ಸೂತ್ರ ಕೇಳಲಿಲ್ಲ, ಡಬ್ಬಿ ಇಲ್ಲದೆ ಹಿಂತಿರುಗುವ ಗಿರಾಕಿಗಳು ಕಡಿಮೆಯಾದದ್ದನ್ನು ನೋಡಿ ಇನ್ನೂ ಇಪ್ಪತ್ತು ಮಾಲುಗಳ ಪುಟ ತೆರೆಯಲು ಹೇಳಿದರು.

2023ರ ಆಗಸ್ಟ್ 22ರಂದು ಸಿ.ಆರ್. ರಾವ್ ತೀರಿಕೊಂಡರು. ಸುದ್ದಿ ಅಚ್ಚಾದ ದಿನ ಇವರು ಪತ್ರಿಕೆಯ ತುಣುಕನ್ನು ಮಡಚಿಟ್ಟುಕೊಂಡು ಬಂದಿದ್ದರು. ಜಗತ್ತಿನ ಸಂಖ್ಯಾಶಾಸ್ತ್ರದಲ್ಲಿ ಎಣಿಸುವ ಮೊದಲ ಹೆಸರುಗಳಲ್ಲೊಂದಾದ ಅವರು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಈಗ ಅದು ವಿಜಯನಗರ ಜಿಲ್ಲೆ, ಆಗ ಬಳ್ಳಾರಿಯೇ. ತರಗತಿಯ ಒಬ್ಬರಿಗೂ ಇದು ಗೊತ್ತಿರಲಿಲ್ಲ ಎಂಬುದು ನನಗೆ ದುಃಖದ ವಿಷಯ. ಗಣಿತದಲ್ಲಿ ಎಂಎ ಮುಗಿಸಿದ ತರುಣ ರಾವ್ ಕೋಲ್ಕತ್ತಕ್ಕೆ ಹೋದದ್ದು ಸೇನೆಯ ಸರ್ವೆ ಘಟಕದಲ್ಲಿ ಗಣಿತಜ್ಞನ ಕೆಲಸ ಕೇಳಿಕೊಂಡು. ಅದು ಸಿಗಲಿಲ್ಲ. ಇಳಿದುಕೊಂಡಿದ್ದ ಹೋಟೆಲಿನಲ್ಲಿ ಸಿಕ್ಕವರೊಬ್ಬರಿಂದ, ಮಹಾಲನೋಬಿಸ್ ಅವರು 1931ರಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಷಯ ತಿಳಿಯಿತು. 1941ರ ಜನವರಿ 1ರಂದು ಅಲ್ಲಿ ತರಬೇತಿಗೆ ಸೇರಿದರು. ನಾಲ್ಕೇ ವರ್ಷದಲ್ಲಿ, 1945ರ ಲೇಖನವೊಂದರಲ್ಲಿ, ಇಂದಿಗೂ ಪ್ರತಿ ವಿದ್ಯಾರ್ಥಿ ಓದುವ ಕ್ರಾಮರ್–ರಾವ್ ಮಿತಿಯನ್ನು, ಅಂದರೆ ಒಂದು ಅಂದಾಜು ಹೆಚ್ಚೆಂದರೆ ಎಷ್ಟು ನಿಖರವಾಗಬಲ್ಲದು ಎಂಬ ಗಡಿಯನ್ನು, ಕೊಟ್ಟರು. ನಾನು ಇದನ್ನು ಹೇಳಿ ಮುಗಿಸಿದಾಗ ಇವರು, ‘ಅವರಿಗೆ ಸೇನೆ ಸಿಗಲಿಲ್ಲ, ಬೇಗ ಬಂದರು. ನನಗೆ ಸಿಕ್ಕಿತು, ತಡವಾಗಿ ಬಂದೆ’ ಎಂದರು. ಆ ತುಣುಕು ಈಗಲೂ ಕೆಂಪು ಪುಸ್ತಕದ ಒಳರಟ್ಟಿನಲ್ಲಿದೆ.

ಉಳಿದ ಸೆಮಿಸ್ಟರ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉಳಿದಿದ್ದ ಗಣಿತ ಮುಗಿಯಿತು, 2025ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಬಂತು. 2024ರಲ್ಲಿ ಮಗಳು ಬಳ್ಳಾರಿಯಲ್ಲಿ ಪಿಯುಸಿ ವಾಣಿಜ್ಯಕ್ಕೆ ಸೇರಿದಳು, ಸಂಖ್ಯಾಶಾಸ್ತ್ರ ಇರುವ ಸಂಯೋಜನೆಯನ್ನೇ ಆರಿಸಿಕೊಂಡಳು. ಒಂದು ವರ್ಷ ತಂದೆ ಮಗಳು ಒಂದೇ ಬಸ್ಸಿನಲ್ಲಿ ಬಂದರು, ಅವಳದು ಶಕ್ತಿ ಯೋಜನೆಯ ಸೊನ್ನೆ ಚೀಟಿ, ಇವರದು ವಿದ್ಯಾರ್ಥಿ ಪಾಸು.

ಮುಂದೇನು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲಿ ಸಾಂಖ್ಯಿಕ ನಿರೀಕ್ಷಕರ ಹುದ್ದೆಗಳಿವೆ, ಕೇಂದ್ರದಲ್ಲಿ ಕಿರಿಯ ಸಾಂಖ್ಯಿಕ ಅಧಿಕಾರಿಯ ಹುದ್ದೆಗಳಿವೆ. ಮಾಜಿ ಸೈನಿಕರಿಗೆ ವಯಸ್ಸಿನಿಂದ ಸೇವೆಯ ವರ್ಷಗಳನ್ನೂ ಅದರ ಮೇಲೆ ಮೂರು ವರ್ಷವನ್ನೂ ಕಳೆಯುತ್ತಾರೆ, ಹಾಗಾಗಿ ನಲವತ್ತೊಂದು ಅಡ್ಡಿಯಲ್ಲ. ರಾಜ್ಯದ ಹುದ್ದೆಗಳಲ್ಲಿ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಇದೆ. ಆದರೆ ಅಧಿಸೂಚನೆ ಯಾವಾಗ ಬರುತ್ತದೆ ಎಂದು ಕಾಯುತ್ತಾ ಮನೆ ನಡೆಸಲಾಗದು. ಎಂಎಸ್ಸಿಗೆ ಅರ್ಜಿ ಹಾಕಿ ಸೇರಿದ್ದಾರೆ, ಪರೀಕ್ಷೆಗೂ ಓದುತ್ತಿದ್ದಾರೆ. ಸಾಹುಕಾರರು ತಮ್ಮ ಮೂರೂ ಮಳಿಗೆಗಳ ದಾಸ್ತಾನು ನೋಡಿಕೊಳ್ಳಲು ಇಪ್ಪತ್ತೆಂಟು ಸಾವಿರಕ್ಕೆ ಕರೆದಿದ್ದಾರೆ. ನನ್ನ ಸಲಹೆ ಕೇಳಿದಾಗ, ಸಂಜೆಯ ಕೆಲಸವನ್ನೇ ಮುಂದುವರಿಸಿ ಎಂಎಸ್ಸಿ ಮುಗಿಸಿ ಎಂದೆ. ಹೆಂಡತಿಯೂ ಅದನ್ನೇ ಹೇಳಿದ್ದಾರೆ. ಅವರ ಮಾತಿಗೆ ತೂಕ ಹೆಚ್ಚು, ಹೊಲಿಗೆ ಯಂತ್ರ ತುಳಿದವರು ಅವರು.

ಕಳೆದ ತಿಂಗಳು ಕೆಂಪು ಪುಸ್ತಕದ ಎರಡನೆಯ ಸಂಪುಟವನ್ನು ತೋರಿಸಿದರು. ಹಬ್ಬದ ವಾರಗಳಿಗೆ ಪುಟಗಳನ್ನು ಬೇರೆ ಮಾಡಿದ್ದಾರೆ, ಏಕೆಂದರೆ ದಸರೆ, ದೀಪಾವಳಿಯಲ್ಲಿ ಬೆಲ್ಲ, ಕಡಲೆಬೇಳೆ, ಎಣ್ಣೆ ದೀಪದ ಬತ್ತಿ ಯಾವುದೂ ಸಾದಾ ದಿನದ ಲೆಕ್ಕಕ್ಕೆ ಸಿಗುವುದಿಲ್ಲ. ‘ದೀಪಾವಳಿಯದು ಮೂರು ವರ್ಷದ ಲೆಕ್ಕ ಮಾತ್ರ ಇದೆ ಮೇಡಂ, ಅದರಲ್ಲೂ ಒಂದು ವರ್ಷ ಮಳೆ’ ಎಂದರು. ನಾಲ್ಕನೆಯ ದೀಪಾವಳಿಗೆ ಚೌಕಗಳನ್ನು ಎಳೆದಿಟ್ಟಿದ್ದಾರೆ.